ಪಾರ್ಕ್ ವೈ-ಫೈ ಜೊತೆ ಮೂರು ವರ್ಷ: ಓದದೆ ಒಪ್ಪಿಕೊಂಡ ನಿಯಮಗಳು

ಬಳಸಿದ್ದು: ನಗರದ ಪಾರ್ಕ್ ಮತ್ತು ಸಾರ್ವಜನಿಕ ಲೈಬ್ರರಿ ಕಟ್ಟಡದ ಉಚಿತ ವೈ-ಫೈ
ಎಷ್ಟು ಕಾಲ: ಮೂರು ವರ್ಷ, ವಾರಕ್ಕೆ ಮೂರ್ನಾಲ್ಕು ಸಲ
ಅಂಕ: ಪಾರ್ಕಿಗೆ 5ಕ್ಕೆ 4, ಕಟ್ಟಡಕ್ಕೆ 3

ಮೊದಲ ವರ್ಷ ಬರೆದಿದ್ದರೆ ಎರಡಕ್ಕೂ 1 ಕೊಡುತ್ತಿದ್ದೆ. ಆಗ ನಾನು ಬೈದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಕೆಟ್ಟುಹೋಗಿದ್ದಲ್ಲ, ಬೇಕೆಂದೇ ಹಾಗೆ ಇಟ್ಟಿದ್ದು. ಲಾಗಿನ್ ಪುಟದಲ್ಲಿ ‘ನಿಯಮಗಳನ್ನು ಒಪ್ಪುತ್ತೇನೆ’ ಅಂತ ಒಂದು ಚೌಕ ಇರುತ್ತದಲ್ಲ, ಅದರ ಪಕ್ಕದ ಸಣ್ಣ ಲಿಂಕಿನಲ್ಲಿ ಎಲ್ಲವೂ ಬರೆದಿತ್ತು. ನಾನು ಓದಿದ್ದು ಹದಿನಾಲ್ಕನೇ ತಿಂಗಳಲ್ಲಿ. ಅದೂ ಜಗಳಕ್ಕೆ ದಾಖಲೆ ಹುಡುಕಲು ಹೋಗಿ!

ಆ ಜಗಳದ ಕಥೆ ಇದು. ನನ್ನ ಲ್ಯಾಪ್‌ಟಾಪ್ ಪಾರ್ಕಿನಲ್ಲಿ ದಿನಾ ಹೊಸದಾಗಿ ನೋಂದಣಿ ಕೇಳುತ್ತಿತ್ತು. ಎರಡು ದಿನ ಸರಿ. ಮೂರನೇ ದಿನ ‘ಸಾಧನಗಳ ಮಿತಿ ಮುಗಿದಿದೆ’ ಅಂತ ಹೊರಗೆ ಹಾಕುತ್ತಿತ್ತು. ಇರುವುದು ಒಂದೇ ಲ್ಯಾಪ್‌ಟಾಪ್, ಮಿತಿ ಹೇಗೆ ಮುಗಿಯುತ್ತದೆ? ಸಿಟ್ಟಿನಲ್ಲಿ ದೂರು ಬರೆಯಲು ಕೂತೆ. ನಿಯಮದಲ್ಲಿ ಒಂದು ಸಾಲು ಕಂಡಿತು: ಒಂದು ಫೋನ್ ನಂಬರಿಗೆ ವಾರದಲ್ಲಿ ಎರಡೇ ಸಾಧನ, ಸಾಧನವನ್ನು ಗುರುತಿಸುವುದು ಮ್ಯಾಕ್ ವಿಳಾಸದಿಂದ.

ಮ್ಯಾಕ್ ವಿಳಾಸ ಅಂದರೆ ಪ್ರತಿ ಸಾಧನದ ವೈ-ಫೈ ಭಾಗಕ್ಕೆ ಇರುವ 48 ಬಿಟ್‌ನ ಗುರುತಿನ ಸಂಖ್ಯೆ. ಮೊದಲೆಲ್ಲ ಇದು ಬದಲಾಗುತ್ತಿರಲಿಲ್ಲ. ಹಾಗಾಗಿ ಅದನ್ನೇ ಹಿಡಿದು ಒಬ್ಬ ಮನುಷ್ಯ ಎಲ್ಲೆಲ್ಲಿ ಓಡಾಡಿದ ಅಂತ ಪತ್ತೆ ಮಾಡಬಹುದಿತ್ತು. ಅದನ್ನು ತಪ್ಪಿಸಲು 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನ್‌ಗಳು ಒಂದೊಂದು ನೆಟ್‌ವರ್ಕ್‌ಗೆ ಒಂದೊಂದು ನಕಲಿ ವಿಳಾಸ ತೋರಿಸುತ್ತವೆ. ವಿಂಡೋಸ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ‘ಪ್ರತಿದಿನ ಬದಲಿಸು’ ಅನ್ನುವ ಆಯ್ಕೆಯೇ ಇದೆ. ನಾನೇ ಯಾವಾಗಲೋ ಅದನ್ನು ಹಾಕಿ ಮರೆತಿದ್ದೆ. ನಗರದ ಕಂಪ್ಯೂಟರಿಗೆ ನಾನು ದಿನಾ ಹೊಸ ಲ್ಯಾಪ್‌ಟಾಪ್ ತರುವ ಆಸಾಮಿ! ಆ ಒಂದು ನೆಟ್‌ವರ್ಕ್‌ಗೆ ಮಾತ್ರ ದಿನಾ ಬದಲಾಗುವುದನ್ನು ನಿಲ್ಲಿಸಿದೆ. ಆಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ದೂರು ಕಳಿಸಲೂ ಇಲ್ಲ.

ಅಲ್ಲಿಂದ ಪುಟ ಪೂರ್ತಿ ಓದಿದೆ. ಓದುತ್ತಾ ಹೋದಂತೆ ಒಂದೊಂದೇ ಹಳೇ ಸಿಟ್ಟು ಇಳಿಯಿತು.

ಉದಾಹರಣೆಗೆ, ‘ದೊಡ್ಡ ಡೌನ್‌ಲೋಡ್, ಟೊರೆಂಟ್ ಬೇಡ, ಸ್ವಂತ ಹಾಟ್‌ಸ್ಪಾಟ್ ತೆರೆಯಬೇಡಿ’ ಅನ್ನುವ ನಿಯಮ. ಉಚಿತ ಅಂತ ಹೇಳಿ ಜಿಪುಣತನ ಮಾಡುತ್ತಾರೆ ಅಂದುಕೊಂಡಿದ್ದೆ. ವಿಷಯ ಬೇರೆಯೇ. ವೈ-ಫೈ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದಾದ ಕೋಣೆ ಇದ್ದ ಹಾಗೆ. ಒಬ್ಬರು ಮುಗಿಸುವವರೆಗೆ ಉಳಿದವರು ಕಾಯಬೇಕು. ವೈ-ಫೈ ಪೆಟ್ಟಿಗೆ ಇರುವ ಕಂಬದ ಪಕ್ಕ ಕೂತವರು ಬೇಗ ಮಾತು ಮುಗಿಸುತ್ತಾರೆ. ದೂರದ ಬೆಂಚಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ಸಿನಿಮಾ ಇಳಿಸುವವರು ಅಷ್ಟೇ ಡೇಟಾಗೆ ಹಲವು ಪಟ್ಟು ಹೆಚ್ಚು ಹೊತ್ತು ಕೋಣೆ ಹಿಡಿದುಕೊಳ್ಳುತ್ತಾರೆ. ಅಂದರೆ ಅವರೊಬ್ಬರಿಂದ ಎಲ್ಲರೂ ನಿಧಾನ. ಇನ್ನು ವೈ-ಫೈ ಬಳಸುವ ತರಂಗಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಂತ ಸಾಮಾನ್ಯವಾಗಿ ಬಳಸುವುದು ಮೂರೇ: 1, 6, 11. ಪಾರ್ಕಿನಲ್ಲಿ ಹತ್ತು ಜನ ಹಾಟ್‌ಸ್ಪಾಟ್ ತೆರೆದರೆ ಆ ಮೂರರಲ್ಲೇ ನೂಕುನುಗ್ಗಲು. ಅದನ್ನೆಲ್ಲ ವಿವರಿಸದೆ ಸುಮ್ನೆ ‘ಬೇಡ’ ಅಂತ ಬರೆದಿದ್ದಾರೆ. ಎರಡು ಸಾಲು ಕಾರಣ ಬರೆದಿದ್ದರೆ ಕೇಳುವವರು ಜಾಸ್ತಿ ಆಗುತ್ತಿದ್ದರು ಅನ್ನಿಸುತ್ತದೆ.

ಮಳೆ ಬಂದ ಮೇಲೆ ಸಿಗ್ನಲ್ ಕುಗ್ಗುವುದು ಮಾತ್ರ ಯಾವ ನಿಯಮದ ಕೈಯಲ್ಲೂ ಇಲ್ಲ. ನೆನೆದ ಎಲೆ ರೇಡಿಯೊ ಅಲೆಯನ್ನು ಹೀರಿಕೊಳ್ಳುತ್ತದೆ. ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ಗೆ ಪೆಟ್ಟು ಇನ್ನೂ ಹೆಚ್ಚು. ಮರಗಳ ಸಾಲು ದಾಟಿ ಕೂತರೆ ಪರವಾಗಿಲ್ಲ.

ಫೋನಿನಿಂದ ಲ್ಯಾಪ್‌ಟಾಪಿಗೆ ಫೈಲ್ ಹೋಗದೆ ಒಂದು ಮಧ್ಯಾಹ್ನವೇ ಹಾಳಾಗಿತ್ತು. ಅದೂ ನಿಯಮವೇ ಅಂತೆ: ಇಲ್ಲಿ ಒಂದು ಸಾಧನ ಇನ್ನೊಂದನ್ನು ನೋಡುವಂತಿಲ್ಲ. ಇದು ಬೇಕಾದ ಗೋಡೆ. ಇಲ್ಲದಿದ್ದರೆ ಪಕ್ಕದ ಬೆಂಚಿನವರಿಗೆ ನಮ್ಮ ಲ್ಯಾಪ್‌ಟಾಪಿನ ಹಂಚಿಟ್ಟ ಫೋಲ್ಡರ್‌ಗಳು ಕಾಣಬಹುದು. ಹಳೇ ಮೇಲ್ ಪ್ರೋಗ್ರಾಂನಿಂದ ಮೇಲ್ ಹೋಗದಿದ್ದಕ್ಕೆ ಕಾರಣ 25ನೇ ಪೋರ್ಟ್, ಅಂದರೆ ಮೇಲ್ ಹೊರಹೋಗುವ ಹಳೇ ಬಾಗಿಲು, ಮುಚ್ಚಿರುವುದು. ಯಾರೋ ಒಬ್ಬರ ವೈರಸ್ ಹಿಡಿದ ಕಂಪ್ಯೂಟರ್ ಅಲ್ಲಿಂದ ಸ್ಪ್ಯಾಮ್ ಕಳಿಸಿದರೆ ಇಡೀ ಪಾರ್ಕಿನ ಇಂಟರ್ನೆಟ್ ವಿಳಾಸವೇ ಕಪ್ಪುಪಟ್ಟಿಗೆ ಸೇರುತ್ತದೆ. ಪೋರ್ಟ್ 587ಕ್ಕೆ ಬದಲಿಸಿದೆ, ಮುಗಿಯಿತು.

ಈಗ ಸುರಕ್ಷತೆ. ಪಾರ್ಕಿನ ನಿಯಮದಲ್ಲಿ ನೇರವಾಗಿ ಬರೆದಿದೆ: ಈ ನೆಟ್‌ವರ್ಕ್ ಎನ್‌ಕ್ರಿಪ್ಟ್ ಆಗಿಲ್ಲ (ಅಂದರೆ ಬೇರೆಯವರು ಓದಲಾಗದ ಹಾಗೆ ಗುಟ್ಟಿನ ಲಿಪಿಗೆ ಬದಲಿಸಿಲ್ಲ), ನಿಮ್ಮ ಮಾಹಿತಿಗೆ ನೀವೇ ಜವಾಬ್ದಾರರು. ಓದಿದಾಗ ಕೈ ತೊಳೆದುಕೊಂಡರು ಅನ್ನಿಸಿತು. ಈಗ ಅನ್ನಿಸುವುದು, ಪುಟದಲ್ಲಿ ಅತ್ಯಂತ ಪ್ರಾಮಾಣಿಕವಾದ ಸಾಲು ಅದೇ. ಕಟ್ಟಡದಲ್ಲಿ ಪಾಸ್‌ವರ್ಡ್ ಇದೆ, ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಅಂಟಿಸಿದ್ದಾರೆ. ಅದನ್ನು ನೋಡಿ ನಾನು ಎಷ್ಟೋ ತಿಂಗಳು ಕಟ್ಟಡವೇ ಹೆಚ್ಚು ಭದ್ರ ಅಂದುಕೊಂಡಿದ್ದೆ. ಅಲ್ಲ. ಅದು ಡಬ್ಲ್ಯುಪಿಎ2, ಪಾಸ್‌ವರ್ಡ್ ಹಿಡಿದು ವೈ-ಫೈಯನ್ನು ಎನ್‌ಕ್ರಿಪ್ಟ್ ಮಾಡುವ ಹಳೇ ವಿಧಾನ. ಪಾಸ್‌ವರ್ಡ್ ಗೊತ್ತಿರುವ ಯಾರಾದರೂ ನಮ್ಮ ಫೋನ್ ಸೇರಿಕೊಳ್ಳುವ ಕ್ಷಣವನ್ನು ಹಿಡಿದಿಟ್ಟುಕೊಂಡರೆ ಮುಂದಿನದನ್ನೆಲ್ಲ ಬಿಡಿಸಿ ಓದಬಹುದು. ಎಲ್ಲರ ಕೈಯಲ್ಲೂ ಬೀಗದ ಕೈ ಇದ್ದರೆ ಬೀಗ ಯಾಕೆ, ಅಲ್ವಾ? ಅದರ ಮುಂದಿನ ಆವೃತ್ತಿ ಡಬ್ಲ್ಯುಪಿಎ3ರಲ್ಲಿ ಹಾಗಾಗುವುದಿಲ್ಲ. 2018ರಲ್ಲಿ ಅದರ ಜೊತೆಗೇ, ಪಾಸ್‌ವರ್ಡ್ ಇಲ್ಲದೆಯೂ ಎನ್‌ಕ್ರಿಪ್ಟ್ ಮಾಡುವ ‘ಎನ್‌ಹ್ಯಾನ್ಸ್ಡ್ ಓಪನ್’ ಕೂಡ ಬಂದಿದೆ. ಕಟ್ಟಡದವರು ಇನ್ನೂ ಹಾಕಿಲ್ಲ. ಒಂದು ಅಂಕ ಕಳೆದಿದ್ದು ಅದಕ್ಕೇ.

ಹಾಗಂತ ಹೆದರಿ ಓಡಬೇಕಾಗಿಲ್ಲ. 2010ರಲ್ಲಿ ‘ಫೈರ್‌ಶೀಪ್’ ಅನ್ನುವ ಬ್ರೌಸರ್ ಸೇರ್ಪಡೆ ಬಂದಾಗ ತೆರೆದ ವೈ-ಫೈನಲ್ಲಿ ಪಕ್ಕದವರ ಖಾತೆಯೊಳಗೆ ಒಂದೆರಡು ಕ್ಲಿಕ್‌ನಲ್ಲಿ ನುಗ್ಗಬಹುದಿತ್ತು. ಈಗ ಹೆಚ್ಚಿನ ತಾಣಗಳು ಎಚ್‌ಟಿಟಿಪಿಎಸ್‌ನಲ್ಲೇ ಇವೆ, ಅಂದರೆ ಬ್ರೌಸರ್ ಮತ್ತು ತಾಣದ ನಡುವಿನ ಮಾತು ಎನ್‌ಕ್ರಿಪ್ಟ್ ಆಗಿರುತ್ತದೆ. ಯಾವ ತಾಣಕ್ಕೆ ಹೋದಿರಿ ಅಂತ ಸಾಮಾನ್ಯವಾಗಿ ತಿಳಿಯಬಹುದು, ಒಳಗೆ ಏನು ಬರೆದಿರಿ ಅಂತ ತಿಳಿಯುವುದಿಲ್ಲ. ಆದರೆ ತಾಣದ ಗುರುತು ಖಾತ್ರಿಪಡಿಸುವ ಪ್ರಮಾಣಪತ್ರದ ಬಗ್ಗೆ ಬ್ರೌಸರ್ ಎಚ್ಚರಿಕೆ ತೋರಿಸಿದರೆ ‘ಪರವಾಗಿಲ್ಲ ಮುಂದೆ ಹೋಗು’ ಅಂತ ಒತ್ತಬೇಡಿ. ಲಾಗಿನ್ ಆಗುವ ಮೊದಲು ಆ ಎಚ್ಚರಿಕೆ ಬಂದರೆ ಅನೇಕ ಸಲ ಕಾರಣ ಲಾಗಿನ್ ಪುಟವೇ. ನೀವು ಕೇಳಿದ ತಾಣದ ಬದಲು ತನ್ನನ್ನು ತೋರಿಸಲು ಅದು ನಡುವೆ ನುಗ್ಗುತ್ತದೆ, ಬ್ರೌಸರ್ ಒಪ್ಪುವುದಿಲ್ಲ. ಆಗ ಎಸ್ ಇಲ್ಲದ ಬರೀ ಎಚ್‌ಟಿಟಿಪಿ ವಿಳಾಸ ಒಂದನ್ನು ತೆರೆದರೆ ಲಾಗಿನ್ ಪುಟ ತಾನೇ ಬರುತ್ತದೆ. ವಿಪಿಎನ್ (ಎಲ್ಲ ಮಾಹಿತಿಯನ್ನೂ ಎನ್‌ಕ್ರಿಪ್ಟ್ ಮಾಡಿ ಬೇರೊಂದು ಸರ್ವರ್ ಮೂಲಕ ಕಳಿಸುವ ಸೇವೆ) ಸದಾ ಆನ್ ಇಡುವವರು ಮೊದಲು ಅದನ್ನು ಆರಿಸಿ, ಲಾಗಿನ್ ಆಗಿ, ಮತ್ತೆ ಹಾಕಬೇಕು. ಇದು ಗೊತ್ತಿಲ್ಲದೆ ನಾನು ‘ಪುಟ ತೆರೆಯುತ್ತಿಲ್ಲ’ ಅಂತ ಎಷ್ಟು ಸಲ ಫೋನ್ ಆರಿಸಿ ಹಚ್ಚಿದ್ದೇನೋ.

ಹೆಸರಿನ ವಿಷಯದಲ್ಲಿ ನಿಜವಾಗಿ ಹುಷಾರಾಗಿರಬೇಕು. ವೈ-ಫೈಗೆ ಯಾರು ಬೇಕಾದರೂ ಏನು ಬೇಕಾದರೂ ಹೆಸರಿಡಬಹುದು. ಒಂದು ಸಂಜೆ ಪಟ್ಟಿಯಲ್ಲಿ ಪಾರ್ಕಿನ ಹೆಸರಿನ ಮುಂದೆ ‘ಫ್ರೀ’ ಸೇರಿಸಿದ ಇನ್ನೊಂದು ಕಂಡಿತು. ಸಿಗ್ನಲ್ ಅದರದ್ದೇ ಜೋರು. ಗೇಟಿನ ಬೋರ್ಡಿಗೆ ಹೋಗಿ ನೋಡಿದೆ, ಆ ಹೆಸರು ಇರಲಿಲ್ಲ. ಯಾರದ್ದೋ ತಮಾಷೆಯೂ ಇರಬಹುದು. ಅವತ್ತಿನಿಂದ ‘ತಾನಾಗಿಯೇ ಸೇರಿಕೋ’ ಅನ್ನುವುದನ್ನು ಆರಿಸಿಟ್ಟಿದ್ದೇನೆ.

ಕಟ್ಟಡದ ಮೇಲೆ ಇನ್ನೊಂದು ದೂರು. 45 ನಿಮಿಷಕ್ಕೆ ಸಂಪರ್ಕ ಕಡಿಯುತ್ತದೆ, ಅದು ನಿಯಮದಲ್ಲಿದೆ, ಒಪ್ಪಿದೆ. ಕುರ್ಚಿ ಕಡಿಮೆ, ಜನ ಜಾಸ್ತಿ. ಆದರೆ ಐದು ನಿಮಿಷ ಮೊದಲು ಒಂದು ಸೂಚನೆ ಕೊಡಬಾರದೇ? ಒಂದು ಉದ್ದದ ಅರ್ಜಿ ತುಂಬಿ ಕೊನೆಯ ಗುಂಡಿ ಒತ್ತಿದಾಗ ಎದುರಿಗೆ ಬಂದಿದ್ದು ಲಾಗಿನ್ ಪುಟ. ತುಂಬಿದ್ದೆಲ್ಲ ಹೋಯಿತು. ಈಗ ಅರ್ಜಿ ತುಂಬುವ ಮುನ್ನ ಫೋನಿನಲ್ಲಿ 40 ನಿಮಿಷಕ್ಕೆ ಅಲಾರಂ ಇಡುತ್ತೇನೆ. ಲೈಬ್ರರಿಯಲ್ಲಿ ಸದ್ದು ಮಾಡಬಾರದಲ್ಲ, ಕಂಪನ ಮಾತ್ರ.

ಎರಡೂ ಕಡೆ ನಿಯಮದಲ್ಲಿ ಇಲ್ಲದ ಸಾಲು ಒಂದಿದೆ. ಫೋನ್ ನಂಬರು, ಬಂದ ಹೊತ್ತು, ಹೋದ ಹೊತ್ತು ದಾಖಲಾಗುತ್ತವೆ ಅಂತ ಬರೆದಿದ್ದಾರೆ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಬರೆದಿಲ್ಲ. ಎರಡು ತಿಂಗಳ ಹಿಂದೆ ಎರಡೂ ಕಡೆಗೆ ಮೇಲ್ ಮಾಡಿ ಕೇಳಿದೆ. ಕಟ್ಟಡದವರಿಂದ ಉತ್ತರ ಬಂತು: ದಯವಿಟ್ಟು ನಿಯಮಗಳ ಪುಟ ಓದಿ. ಪಾರ್ಕಿನವರ ಉತ್ತರಕ್ಕೆ ಇನ್ನೂ ಕಾಯುತ್ತಿದ್ದೇನೆ. ಬಂದರೆ ಇಲ್ಲೇ ಸೇರಿಸುತ್ತೇನೆ.