ತರಗತಿಗೆ ಯಾವ ಒಡಿಸ್ಸಿ? ನಾಲ್ಕು ಅನುವಾದ ಪಾಠ ಮಾಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಮಿಲಿ ವಿಲ್ಸನ್ ಅವರ 2017ರ ಅನುವಾದಕ್ಕೆ. ಬಿಎ ಐಚ್ಛಿಕ ಇಂಗ್ಲಿಷ್ ಮಕ್ಕಳಿಗೆ ಪ್ರಾಚೀನ ಗ್ರೀಕ್ ಕವಿ ಹೋಮರನ ಒಡಿಸ್ಸಿ ಮಹಾಕಾವ್ಯ ಪಾಠ ಮಾಡಲು ಶುರುಮಾಡಿ ಮೂರು ವರ್ಷವಾಯಿತು. ಯುದ್ಧಕ್ಕೆ ಹೋದ ಒಡಿಸ್ಯೂಸ್ 20 ವರ್ಷದ ಮೇಲೆ ಮನೆ ಸೇರುವ ಕತೆ ಅದು. ಇಷ್ಟರಲ್ಲಿ ನಾಲ್ಕು ಇಂಗ್ಲಿಷ್ ಅನುವಾದ ತರಗತಿಗೆ ಒಯ್ದಿದ್ದೇನೆ. ಮೊದಲನೆಯದು ಕೈಕೊಟ್ಟಿತು.

ಮೊದಲ ವರ್ಷ 32 ಮಕ್ಕಳಿದ್ದರು. ಎಲ್ಲರ ಕೈಯಲ್ಲೂ ಪುಸ್ತಕ ಇರಲಿ ಅಂತ ನನ್ನ ಆಸೆ. ಅಗ್ಗದ ಮರುಮುದ್ರಣವೊಂದು ತಲಾ 120 ರೂಪಾಯಿಗೆ ಸಿಕ್ಕಿತು. ಹಳೆಯ ಕಾಲದ ಗದ್ಯಾನುವಾದ, ಸಣ್ಣ ಅಕ್ಷರ, ಅನುವಾದಕರ ಹೆಸರು ಎಲ್ಲೂ ಇಲ್ಲ. ಕತೆ ಗೊತ್ತಾದರೆ ಸಾಕಲ್ವಾ ಅಂದುಕೊಂಡು ತರಿಸಿದೆ.

ಮೊದಲ ದಿನವೇ ತೊಡಕು. ದೇವತೆ ಅಥೀನಾ ಮಾರುವೇಷದಲ್ಲಿ ಒಡಿಸ್ಯೂಸನ ಊರು ಇಥಾಕಾಗೆ ಬರುತ್ತಾಳೆ ಅಂತ ನಾನು ಹೇಳುತ್ತಿದ್ದೆ. ಮಕ್ಕಳು ಪುಸ್ತಕದಲ್ಲಿ ಅವಳನ್ನು ಹುಡುಕುತ್ತಿದ್ದರು. ಅಲ್ಲಿದ್ದವಳು ಮಿನರ್ವಾ. ಒಡಿಸ್ಯೂಸ್ ಇರಬೇಕಾದಲ್ಲಿ ಯುಲಿಸೀಸ್, ಜ್ಯೂಸ್ ಇರಬೇಕಾದಲ್ಲಿ ಜೋವ್, ಪೊಸೈಡನ್ ಇರಬೇಕಾದಲ್ಲಿ ನೆಪ್ಚೂನ್. ಗ್ರೀಕ್ ದೇವರುಗಳನ್ನು ರೋಮನ್ ಹೆಸರಿನಿಂದ ಕರೆಯುವುದು ಹಿಂದಿನ ಇಂಗ್ಲಿಷ್ ಅನುವಾದಕರಲ್ಲಿ ರೂಢಿಯಾಗಿತ್ತು. ನನಗೆ ಅದು ಗೊತ್ತಿತ್ತು. ಆದರೆ ಪುಸ್ತಕ ತೆರೆದು ನೋಡದೆ ದುಡ್ಡು ಕಟ್ಟಿದ್ದೆ.

ಬೋರ್ಡ್ ಮೇಲೆ ಎರಡು ಸಾಲು ಮಾಡಿ ಹೆಸರು ಬರೆದೆ. ಮಕ್ಕಳು ಬರೆದುಕೊಂಡರು. ಆದರೂ ಗೊಂದಲ ಹೋಗಲಿಲ್ಲ. ಅವರು ಮನೆಯಲ್ಲಿ ಓದುವ ಗೈಡು, ಮೊಬೈಲ್‌ನಲ್ಲಿ ನೋಡುವ ಟಿಪ್ಪಣಿ ಎಲ್ಲದರಲ್ಲೂ ಗ್ರೀಕ್ ಹೆಸರೇ. ಕಿರುಪರೀಕ್ಷೆಯಲ್ಲಿ ಚೆನ್ನಾಗಿ ಓದುವ ಹುಡುಗಿಯೊಬ್ಬಳು, ನಾಯಕನ ಮೇಲೆ ಪೊಸೈಡನ್ ಮತ್ತು ನೆಪ್ಚೂನ್ ಇಬ್ಬರಿಗೂ ಕೋಪ ಅಂತ ಬರೆದಿದ್ದಳು. ಅಂಕ ಕಳೆಯಲು ನನಗೆ ಮನಸ್ಸು ಬರಲಿಲ್ಲ. ತಪ್ಪು ನನ್ನದು.

ಇನ್ನೊಂದು ತಾಪತ್ರಯ ಸಾಲಿನ ಸಂಖ್ಯೆಯದು. ಒಡಿಸ್ಸಿಯಲ್ಲಿ 24 ಭಾಗಗಳಿವೆ. ನಾವು ತರಗತಿಯಲ್ಲಿ ಸಂಧಿ ಅಂತಲೇ ಕರೆಯುತ್ತೇವೆ. ಹೋಮರನ ಬಗ್ಗೆ ಯಾರು ಬರೆದರೂ ಸಂಧಿ, ಸಾಲು ಎರಡನ್ನೂ ಕೊಡುತ್ತಾರೆ. ಆರ್ಗಸ್ ನಾಯಿಯ ಪ್ರಸಂಗ ಅಂದರೆ 17ನೇ ಸಂಧಿ, 290ನೇ ಸಾಲಿನಿಂದ. ನಮ್ಮ ಪುಸ್ತಕದಲ್ಲಿ ಸಾಲೇ ಇಲ್ಲ, ಬರೀ ಪ್ಯಾರಾ. 20 ವರ್ಷ ಒಡೆಯನಿಗಾಗಿ ಕಾದ ಮುದಿ ನಾಯಿ ತಿಪ್ಪೆಯ ಮೇಲೆ ಮಲಗಿದೆ. ಗುರುತು ಹಿಡಿದು ಬಾಲ ಅಲ್ಲಾಡಿಸುತ್ತದೆ, ಪ್ರಾಣ ಬಿಡುತ್ತದೆ. ಒಡಿಸ್ಯೂಸ್ ಯಾರಿಗೂ ಕಾಣದಂತೆ ಕಣ್ಣೀರು ಒರೆಸಿಕೊಳ್ಳುತ್ತಾನೆ. ಅಷ್ಟು ಒಳ್ಳೆಯ ಜಾಗವನ್ನು ಎಲ್ಲರೂ ಹುಡುಕಿ ತೆಗೆಯುವಷ್ಟರಲ್ಲಿ 50 ನಿಮಿಷದ ಪೀರಿಯಡ್‌ನಲ್ಲಿ 10 ನಿಮಿಷ ಹೋಗಿತ್ತು. ಓದುವ ಹೊತ್ತಿಗೆ ಯಾರ ಮನಸ್ಸೂ ನಾಯಿಯ ಮೇಲಿರಲಿಲ್ಲ.

ಮರುವರ್ಷ ರಾಬರ್ಟ್ ಫೇಗಲ್ಸ್ ಅವರ 1996ರ ಅನುವಾದ ತಂದೆ. ಗ್ರೀಕ್ ಹೆಸರು, ಓಘವಿರುವ ಪದ್ಯ. ಬರ್ನಾರ್ಡ್ ನಾಕ್ಸ್ ಬರೆದ ಮುನ್ನುಡಿಯನ್ನು ಪಾಠಕ್ಕೆ ಮುಂಚೆ ಈಗಲೂ ಓದಿಕೊಳ್ಳುತ್ತೇನೆ. ಆದರೆ ಸಾಲುಗಳು ಗ್ರೀಕ್‌ಗಿಂತ ಜಾಸ್ತಿ. ಅಂಚಿನಲ್ಲಿರುವುದು ಅನುವಾದದ ಸಂಖ್ಯೆ, ಗ್ರೀಕ್ ಸಂಖ್ಯೆ ಪುಟದ ತಲೆಯಲ್ಲಿ. ನನಗೆ ಅಭ್ಯಾಸವಾಯಿತು, ಮಕ್ಕಳಿಗೆ ಆಗಲಿಲ್ಲ.

ರಿಚ್ಮಂಡ್ ಲ್ಯಾಟಿಮೋರ್ ಅವರ 1965ರದ್ದು ಗ್ರೀಕ್‌ಗೆ ತುಂಬಾ ಹತ್ತಿರ. ವಾಕ್ಯಗಳು ಉದ್ದ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಅರ್ಧ ಸಾಲಿಗೇ ಸುಸ್ತಾಗುತ್ತಿದ್ದರು.

ವಿಲ್ಸನ್ ಅವರ ಪುಸ್ತಕದಲ್ಲಿ ಗ್ರೀಕ್‌ನಲ್ಲಿ ಎಷ್ಟು ಸಾಲೋ ಅಷ್ಟೇ ಸಾಲು, 12 ಸಾವಿರ ಚಿಲ್ಲರೆ. ಗ್ರೀಕ್ ಸಾಲಿಗಿಂತ ಇಂಗ್ಲಿಷ್ ಸಾಲು ಗಿಡ್ಡ, ಹಾಗಾಗಿ ಮಾತು ಬಿಗಿಯಾಗಿದೆ. 290 ಅಂದರೆ ಎಲ್ಲರೂ 290ರ ಹತ್ತಿರವೇ ಇರುತ್ತಾರೆ. ನನಗೆ ಗಟ್ಟಿಯಾಗಿ ಓದಿಸುವ ಅಭ್ಯಾಸ. ಆರ್ಗಸ್ ಪ್ರಸಂಗ ಓದಲು ಮೂರು ನಿಮಿಷ ಸಾಕು. ಓದಿ ಮುಗಿದಾಗ ತರಗತಿ ಗಪ್‌ಚಿಪ್ ಆಗಿತ್ತು.

ನನ್ನನ್ನು ಪೂರ್ತಿ ಗೆದ್ದದ್ದು ಒಂದು ಪದ. ಒಡಿಸ್ಯೂಸನ ಮನೆಯಲ್ಲಿ ದುಡಿಯುವ ಹೆಂಗಸರನ್ನು ಎಷ್ಟೋ ಅನುವಾದಗಳು ‘ಮೇಡ್’ ಅನ್ನುತ್ತವೆ. ಸಂಜೆ ಮನೆಗೆ ಹೋಗುವ ಸಂಬಳದ ಕೆಲಸದವರು ಅಂತ ನಮ್ಮ ಮಕ್ಕಳು ತಿಳಿದಿದ್ದರು. ವಿಲ್ಸನ್ ‘ಸ್ಲೇವ್’ ಅಂತ ನೇರವಾಗಿ ಬರೆಯುತ್ತಾರೆ. ಮೊದಲ ಸಂಧಿಯಲ್ಲೇ ಇದೆ, ಒಡಿಸ್ಯೂಸನನ್ನು ಸಾಕಿದ ಯೂರಿಕ್ಲಿಯಾಳನ್ನು 20 ಎತ್ತುಗಳ ಬೆಲೆ ಕೊಟ್ಟು ಕೊಂಡದ್ದು. ಒಡಿಸ್ಯೂಸನ ಹೆಂಡತಿಯನ್ನು ಮದುವೆಯಾಗಲು ಬಂದು ಮನೆಯಲ್ಲಿ ತಳವೂರಿದ್ದ ಗಂಡಸರ ಜೊತೆ ಮಲಗಿದರು ಅಂತ, 22ನೇ ಸಂಧಿಯಲ್ಲಿ ಅವನ ಮಗ ಟೆಲಿಮಾಕಸ್ ಈ ಹೆಂಗಸರಲ್ಲಿ 12 ಜನರನ್ನು ನೇಣಿಗೆ ಹಾಕುವಾಗ, ಫೇಗಲ್ಸ್ ಟೆಲಿಮಾಕಸ್ ಬಾಯಲ್ಲಿ ಕೊಳಕು ಬೈಗುಳ ಇಡುತ್ತಾರೆ. ಗ್ರೀಕ್‌ನಲ್ಲಿ ಆ ಬೈಗುಳ ಇಲ್ಲ. ವಿಲ್ಸನ್‌ರಲ್ಲಿ ಅವರು ಬರೀ ಹುಡುಗಿಯರು. ‘ಕೊಂಡು ತಂದವರು ಬೇಡ ಅನ್ನೋಕಾಗುತ್ತಾ ಸಾರ್? ಅದು ಅವರ ತಪ್ಪು ಹೇಗಾಗುತ್ತೆ?’ ಅಂತ ಹಿಂದಿನ ಬೆಂಚಿನ ಹುಡುಗ ಕೇಳಿದ. ಬೆಲ್ ಹೊಡೆದರೂ ಚರ್ಚೆ ನಿಲ್ಲಲಿಲ್ಲ. ಇಂಥ ದಿನಕ್ಕಾಗಿಯೇ ಅಲ್ವಾ ಪಾಠ ಮಾಡುವುದು?

ಕೊರತೆಯೂ ಇದೆ. ಹೋಮರನಲ್ಲಿ ‘ಗುಲಾಬಿ ಬೆರಳಿನ ಉಷೆ’ಯಂಥ ಮಾತು ಮತ್ತೆ ಮತ್ತೆ ಹಾಗೇ ಬರುತ್ತವೆ. ವಿಲ್ಸನ್ ಬೇಕೆಂದೇ ಅವನ್ನು ಬೇರೆ ಬೇರೆ ರೀತಿ ಹೇಳುತ್ತಾರೆ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೋಸ್ಲಾವಿಯಾದ ಹಾಡುಗಾರರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು, ಇಂಥ ಮಾತುಗಳು ಬಾಯಲ್ಲೇ ಕಾವ್ಯ ಕಟ್ಟುವವರಿಗೆ ಹೇಗೆ ಆಸರೆ ಅಂತ ತೋರಿಸಿದರು. ಆ ಪಾಠದ ದಿನ ಮಾತ್ರ, ಇಂಥ ಮಾತುಗಳನ್ನು ಹಾಗೇ ಉಳಿಸಿಕೊಂಡ ಲ್ಯಾಟಿಮೋರ್ ಬೇಕೇ ಬೇಕು. ಸಾಲುಗಳನ್ನು ಬೋರ್ಡ್ ಮೇಲೆ ಬರೆದೆ. ‘ಕಂಸಾಳೆಯವರು ಮಾದಪ್ಪನ ಕತೆ ಹಾಡುವಾಗಲೂ ಹಿಂಗೇ ಸಾರ್’ ಅಂದಳು ಚಾಮರಾಜನಗರದ ಕಡೆಯ ಹುಡುಗಿ.

ಬೆಲೆ ಜಾಸ್ತಿ, ಎಲ್ಲರಿಗೂ ಕೊಡಿಸಲು ನನ್ನಿಂದಾಗಲ್ಲ. ಈಗ ವಿಲ್ಸನ್ ಎಂಟು ಪ್ರತಿ ಇವೆ, ನಾಲ್ವರಿಗೆ ಒಂದು. ಒಬ್ಬರು ಓದುತ್ತಾರೆ, ಮೂವರು ಕೇಳುತ್ತಾರೆ. ಹೋಮರನ ಕಾವ್ಯಕ್ಕೆ ಅದು ಹೊಂದುತ್ತದೆ. ಮುಂದಿನ ವರ್ಷ ಇನ್ನು ಎರಡು ತರುತ್ತೇನೆ. ಆ ಹಳೆಯ 32 ಪುಸ್ತಕಗಳ ಮೊದಲ ಪುಟಕ್ಕೆ ಹೆಸರುಗಳ ಪಟ್ಟಿ ಅಂಟಿಸಿ, ಮನೆಗೆ ಒಯ್ದು ಓದುವವರಿಗೆ ಕೊಡುತ್ತಿದ್ದೇನೆ.