ಚಿತ್ರ ಬಳಗವೊಂದರ ‘ಗ್ಯಾಟಕಾ’ ಪ್ರದರ್ಶನ: ತುಮಕೂರಿನಲ್ಲಿ ಇಂಥದ್ದು ಇನ್ನಷ್ಟು ನಡೆಯಲಿ

ತುಮಕೂರಿನ ಚಿತ್ರಾಸಕ್ತರ ಬಳಗವೊಂದು ತನ್ನ ಭಾನುವಾರದ ಪ್ರದರ್ಶನಕ್ಕೆ ಆಂಡ್ರ್ಯೂ ನಿಕೋಲ್ ನಿರ್ದೇಶನದ 1997ರ ‘ಗ್ಯಾಟಕಾ’ ಚಿತ್ರವನ್ನು ಆರಿಸಿಕೊಂಡಿತ್ತು. ವಂಶವಾಹಿಗಳನ್ನು ನೋಡಿಯೇ ಮನುಷ್ಯನ ಯೋಗ್ಯತೆ ನಿರ್ಧರಿಸುವ ಮುಂದಿನ ಕಾಲವೊಂದರ ಕಥೆ ಅದು. ಆಯ್ಕೆ ಅತ್ಯುತ್ತಮವಾದದ್ದು, ಏರ್ಪಾಡು ಮಾತ್ರ ಅದರ ಮಟ್ಟಕ್ಕೆ ಏರಲಿಲ್ಲ.

ಚಿತ್ರದಲ್ಲಿ ಮಗು ಹುಟ್ಟುತ್ತಿದ್ದಂತೆಯೇ ನರ್ಸ್ ಒಂದು ಹನಿ ರಕ್ತ ಪರೀಕ್ಷಿಸಿ, ಹೃದ್ರೋಗದ ಸಂಭವ ಶೇ. 99, ಆಯಸ್ಸು 30.2 ವರ್ಷ ಎಂದು ಓದಿ ಹೇಳುತ್ತಾಳೆ. ಮಗನಿಗೆ ತನ್ನ ಹೆಸರನ್ನೇ ಇಡಬೇಕೆಂದಿದ್ದ ತಂದೆ ಅದನ್ನು ಕೇಳಿದೊಡನೆ ಮನಸ್ಸು ಬದಲಿಸಿ ಬೇರೆ ಹೆಸರು ಹೇಳುತ್ತಾನೆ. ತಂದೆಯ ಹೆಸರು ಮುಂದೆ, ವಂಶವಾಹಿಗಳನ್ನು ಆರಿಸಿ ಪಡೆದ ಎರಡನೆಯ ಮಗನಿಗೆ ಸಲ್ಲುತ್ತದೆ. ಒಂದು ಸಂಭವನೀಯತೆಯನ್ನು ತೀರ್ಪೆಂದು ಓದಿಕೊಂಡಾಗ ಆಗುವ ಅನ್ಯಾಯವನ್ನು ಇಷ್ಟು ಚಿಕ್ಕ ದೃಶ್ಯದಲ್ಲಿ ಹೇಳಿರುವುದು ಸಾಮಾನ್ಯ ಸಾಧನೆಯಲ್ಲ. ವಂಶವಾಹಿಗಳೇ ಸುಳ್ಳೆಂದು ಚಿತ್ರ ಎಲ್ಲಿಯೂ ವಾದಿಸುವುದಿಲ್ಲ. ಆ ಮೊದಲ ಮಗುವೇ ಬೆಳೆದು, ಜೆರೋಮ್ ಎಂಬಾತನ ಗುರುತನ್ನು ಎರವಲು ಪಡೆದು ಬಾಹ್ಯಾಕಾಶ ಸಂಸ್ಥೆ ಸೇರಿದ ವಿನ್ಸೆಂಟ್. ಟ್ರೆಡ್‌ಮಿಲ್ ಮೇಲಿನ ಪರೀಕ್ಷೆಯಲ್ಲಿ ತನ್ನದರ ಬದಲು ಬೇರೊಬ್ಬನ ಎದೆಬಡಿತದ ಧ್ವನಿಮುದ್ರಣ ಕೇಳಿಸುತ್ತಾ ಓಡುವ ಅವನು, ಮರೆಗೆ ಬಂದೊಡನೆ ಎದೆ ಹಿಡಿದುಕೊಂಡು ಕುಸಿಯುತ್ತಾನೆ. ಅತ್ತ, ದೋಷವೇ ಇಲ್ಲದ ವಂಶವಾಹಿಗಳ ಆ ಜೆರೋಮ್ ಈಜಿನಲ್ಲಿ ಬೆಳ್ಳಿ ಪದಕಕ್ಕೇ ನಿಂತವನು.

ಎರಡನೆಯ ಮಗುವಿಗಾಗಿ ಬಂದ ದಂಪತಿಗಳನ್ನು ತಜ್ಞ, ಗಂಡೋ ಹೆಣ್ಣೋ ಎಂದು ಸಹಜವಾಗಿ ಕೇಳುವ ದೃಶ್ಯವೇ ಚಿತ್ರದ ನಂತರದ ಚರ್ಚೆಯ ಬಹುಪಾಲನ್ನು ತುಂಬಿತು, ಅದು ಸರಿಯೂ ಆಗಿತ್ತು. ನಮ್ಮಲ್ಲಿ ಅದು ಅಪರಾಧ. 1994ರ ಕಾಯ್ದೆ ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸಿತು. ಗರ್ಭ ನಿಲ್ಲುವ ಮೊದಲೇ ಲಿಂಗ ಆರಿಸುವುದನ್ನೂ 2003ರಲ್ಲಿ ಜಾರಿಗೆ ಬಂದ ತಿದ್ದುಪಡಿ ಅದರ ವ್ಯಾಪ್ತಿಗೆ ತಂದಿತು. ನಮ್ಮೂರಿನ ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಫಲಕ ನೆನಪಿರುವವರಿಗೆ ಈ ದೃಶ್ಯ ಕಲ್ಪನೆಯೆನಿಸುವುದಿಲ್ಲ. ರಕ್ತದ ಕಾಯಿಲೆಯಾದ ಥಲಸ್ಸೀಮಿಯಾದಂಥ, ಒಂದೇ ವಂಶವಾಹಿಯ ದೋಷದಿಂದ ಬರುವ ಕಾಯಿಲೆಗೆ ತಪಾಸಣೆ ನಿಜವಾಗಿಯೂ ಉಪಕಾರಿ, ಆದರೆ ಎತ್ತರ, ಬುದ್ಧಿಗಳಂಥ ಗುಣಗಳಲ್ಲಿ ನೂರಾರು ವಂಶವಾಹಿಗಳ ಜೊತೆಗೆ ಪರಿಸರವೂ ಸೇರಿರುತ್ತದೆ ಎಂದು ಜೀವಶಾಸ್ತ್ರದ ಅಧ್ಯಾಪಕಿಯೊಬ್ಬರು ವಿವರಿಸಿದ್ದು ಬಹಳ ಪ್ರಯೋಜನವಾಯಿತು.

ಇನ್ನು ಕೊರತೆಗಳು. ಕಿಟಕಿಯ ಪರದೆಗಳು ಸರಿಯಾಗಿ ಮುಚ್ಚದ ಕಾರಣ ಮಧ್ಯಾಹ್ನದ ಬೆಳಕು ಒಳಬಂದು, ಛಾಯಾಗ್ರಾಹಕ ಸ್ಲಾವೊಮಿರ್ ಇಡ್ಜಿಯಾಕ್ ಇಡೀ ಚಿತ್ರಕ್ಕೆ ಹೊದಿಸಿರುವ ಹಳದಿ ಛಾಯೆ ಮಾಸಿಹೋಯಿತು. ಇಂಗ್ಲಿಷ್ ಸಬ್‌ಟೈಟಲ್ ಹಿಂದಿನ ಸಾಲಿನವರಿಗೆ ಓದಲಾಗದಷ್ಟು ಸಣ್ಣದಿತ್ತು. ಒಂದು ಪುಟದ ಕನ್ನಡ ಕಥಾಸಾರವನ್ನು ಮೊದಲೇ ಹಂಚಿ, ಪ್ರದರ್ಶನವನ್ನು ಸಂಜೆಗೆ ಇಟ್ಟುಕೊಂಡರೆ ಎರಡು ತೊಂದರೆಯೂ ತಪ್ಪುತ್ತವೆ. ಪಿಯುಸಿ ವಿಜ್ಞಾನದ ಮಕ್ಕಳನ್ನು ಕರೆತರಬೇಕೆಂದು ಅಧ್ಯಾಪಕರಲ್ಲಿ ನನ್ನ ಕೋರಿಕೆ. ಚರ್ಚೆ ಮುಗಿಯುವವರೆಗೂ ಅವರನ್ನು ಕೂರಿಸಿಕೊಳ್ಳಿ.