ಶಾಲೆಯ ಕಾಡಿಗೆ 10 ಪಟ್ಟಿನ ಭೂತಗನ್ನಡಿ: ಒಂದು ವಸಂತ ಬಳಸಿದ ಮೇಲೆ

ನಮ್ಮ ಮಕ್ಕಳ ಶಾಲೆಯ ಹಿಂದೆ ಸಣ್ಣ ಕಾಡಿದೆ. ಅಲ್ಲಿ ಮೊದಲ ಚಿಗುರು, ಮೊದಲ ಹೂವು, ಮೊದಲ ಚಿಟ್ಟೆ, ಹೊಂಡದಲ್ಲಿ ಮೊದಲ ಕಪ್ಪೆ ಮೊಟ್ಟೆ ಯಾವತ್ತು ಕಂಡಿತು ಅಂತ ಮಕ್ಕಳು ಪ್ರತಿ ವರ್ಷ ಬರೆದಿಡುತ್ತಾರೆ. (ಇಂಗ್ಲೆಂಡಿನ ರಾಬರ್ಟ್ ಮಾರ್ಶಮ್ ಎಂಬವರು 1736ರಲ್ಲೇ ಇಂಥ ಪಟ್ಟಿ ಶುರು ಮಾಡಿದ್ದರು, ಅವರ ಮನೆಯವರು 1958ರವರೆಗೂ ಬರೆದರು. ನಮ್ಮದು ಇನ್ನೂ ಎರಡನೇ ನೋಟ್‌ಬುಕ್.) ಈ ಸಲ ಆ ಕೆಲಸಕ್ಕೆ ಅಂತ ಮಡಚಿ ಜೇಬಿಗೆ ಹಾಕುವಂಥ, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಆರು ತಂದೆ.

ಮೊದಲ ದಿನ ಯಾರಿಗೂ ಏನೂ ಕಾಣಲಿಲ್ಲ. ಎಲ್ಲರೂ ಪತ್ತೇದಾರರ ಹಾಗೆ ಕೈ ಚಾಚಿ ಹಿಡಿದು, ಬರೀ ಮಸುಕು ಅಂತ ಗೊಣಗಿದರು. ಇದನ್ನು ಹಿಡಿಯುವ ರೀತಿಯೇ ಬೇರೆ. ಗಾಜು ಕಣ್ಣಿಗೆ ಹತ್ತಿರ ಇರಬೇಕು, ರೆಂಬೆಯನ್ನು ಗಾಜಿನ ಹತ್ತಿರ ತರಬೇಕು, ಸುಮಾರು 25 ಮಿಲಿಮೀಟರ್ ದೂರಕ್ಕೆ. ಹಿಡಿದ ಕೈಯನ್ನು ಕೆನ್ನೆಗೆ ಒತ್ತಿಕೊಂಡರೆ ಅಲುಗುವುದಿಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ, ಅದೊಂದು ಸಿಟ್ಟು ನನಗೆ.

ಸರಿಯಾಗಿ ಹಿಡಿದ ಮೇಲೆ ಸಿಕ್ಕಿದ್ದು ಹೇಝಲ್ ಮರದ ಹೂವು. ಈ ಮರದಲ್ಲಿ ಹಳದಿ ಬಾಲದ ಹಾಗೆ ಜೋತುಬೀಳುವ ಗಂಡು ಹೂಗೊಂಚಲು ಯಾರಿಗಾದರೂ ಕಾಣುತ್ತದೆ, ತಟ್ಟಿದರೆ ಪರಾಗ ಹೊಗೆಯ ಹಾಗೆ ಹಾರುತ್ತದೆ. ಆದರೆ ಹೆಣ್ಣು ಹೂವು ನೋಡಲಿಕ್ಕೆ ಬರೀ ಮೊಗ್ಗು, ತುದಿಯಲ್ಲಿ ಕೂದಲಿನಷ್ಟು ಸಣ್ಣ ಕೆಂಪು ಎಳೆಗಳು ಇಣುಕುತ್ತಿರುತ್ತವೆ, ಅಷ್ಟೇ. ಬರಿಗಣ್ಣಿಗೆ ಅದು ಕೆಂಪು ಚುಕ್ಕೆ. ಗಾಜಿನಲ್ಲಿ ನೋಡಿದರೆ ಸಮುದ್ರದ ಯಾವುದೋ ಪ್ರಾಣಿ ಕೈ ಚಾಚಿದ ಹಾಗೆ! ಪರಾಗವನ್ನು ಗಾಳಿಯೇ ತರಬೇಕು, ಎಲೆ ಬಂದುಬಿಟ್ಟರೆ ಅಡ್ಡ. ಹಾಗಾಗಿ ಎಲೆಗೆ ಮುಂಚೆಯೇ ಇದರ ಕೆಲಸ ಮುಗಿದಿರುತ್ತದೆ. ಹೋದ ವರ್ಷ ನಾವು ವಸಂತ ಶುರು ಅಂತ ಬರೆದದ್ದು ಮೊದಲ ಹಸಿರು ಎಲೆ ಕಂಡ ದಿನ. ಈ ವರ್ಷ ಬರೆದದ್ದು ಈ ಕೆಂಪು ಹೂವು ಕಂಡ ದಿನ, ಅದು ಹೋದ ವರ್ಷದ ದಿನಾಂಕಕ್ಕಿಂತ ಮೂರು ವಾರ ಮೊದಲೇ. ವಸಂತವೇನೂ ಬೇಗ ಬಂದಿರಲಿಲ್ಲ, ಅಲ್ವಾ, ನಾವು ನೋಡಿದ್ದು ಬೇಗ. ನೋಟ್‌ಬುಕ್ಕಿನಲ್ಲಿ ಎರಡು ವರ್ಷ ಹೋಲಿಸುವವರು ಮೋಸ ಹೋಗಬಾರದು ಅಂತ ಪಕ್ಕದಲ್ಲೇ ‘ಗಾಜಿನಿಂದ’ ಅಂತ ಬರೆಸಿದೆ.

ಹಾರ್ಸ್ ಚೆಸ್ಟ್‌ನಟ್ ಮರದ ಅಂಟು ಮೊಗ್ಗೂ ಚೆನ್ನಾಗಿತ್ತು. ಅದಕ್ಕಿಂತ ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ಮೊಗ್ಗಿನ ಕೆಳಗೆ ಹಳೆಯ ಎಲೆ ಉದುರಿದ ಜಾಗ. ಕುದುರೆ ಲಾಳದ ಆಕಾರ, ಅದರಲ್ಲಿ ಮೊಳೆ ಹೊಡೆದ ಹಾಗೆ ಚುಕ್ಕೆಗಳು. ಆ ಚುಕ್ಕೆಗಳು ಎಲೆಗೆ ನೀರು ಹೋಗುತ್ತಿದ್ದ ನಾಳಗಳ ತುದಿ. ಪಾಚಿ ನೋಡಲು ಮಾತ್ರ ಮಂಡಿಯೂರಬೇಕು, ಬಟ್ಟೆ ಒದ್ದೆ.

ದೂರುಗಳೂ ಇವೆ. ಗಾಜು ಬರೀ 18 ಮಿಲಿಮೀಟರ್ ಅಗಲ, ಮೋಡ ಕವಿದ ದಿನ ಮರದ ಕೆಳಗೆ ಕತ್ತಲೆ ಅನಿಸುತ್ತದೆ. ಉಸಿರು ತಾಗಿ ಮಂಜು ಹಿಡಿಯುತ್ತದೆ. ಮಡಚುವ ಜಾಗದ ಸ್ಕ್ರೂ ಎರಡರಲ್ಲಿ ಸಡಿಲವಾಯಿತು, ಚಿಕ್ಕ ಸ್ಕ್ರೂ ಡ್ರೈವರ್ ಇಟ್ಟುಕೊಳ್ಳಿ. ಒಬ್ಬರು ನೋಡುವಾಗ ಇನ್ನೊಬ್ಬರು ಕಾಯಬೇಕು, ಐದು ವರ್ಷದ ಮಕ್ಕಳಿಗೆ ಆ ತಾಳ್ಮೆ ಎಲ್ಲಿ? ಅವರಿಗೆ ಹಿಡಿಯಿರುವ ದೊಡ್ಡ ಭೂತಗನ್ನಡಿಯೇ ವಾಸಿ. ಎಂಟು ದಾಟಿದವರಿಗೆ ಇದು. ಸೂರ್ಯನ ಕಡೆ ಮಾತ್ರ ತಿರುಗಿಸಬಾರದು ಅಂತ ಮೊದಲೇ ಹೇಳಿಬಿಡಿ.

20 ಪಟ್ಟಿನದು ತಗೊಳ್ಳಬಹುದಿತ್ತಾ ಅಂತ ಕೆಲವರು ಕೇಳಿದರು. ಬೇಡ. ಪಟ್ಟು ಹೆಚ್ಚಾದಷ್ಟೂ ಕಾಣುವ ಜಾಗ ಕಿರಿದು, ದೂರವೂ ಅರ್ಧಕ್ಕೆ ಇಳಿಯುತ್ತದೆ. ಗಾಳಿಗೆ ಅಲ್ಲಾಡುವ ರೆಂಬೆಯಲ್ಲಿ ಅದು ಸುಮ್ನೆ ತಲೆನೋವು. ಮೂರು ಗಾಜು ಅಂಟಿಸಿ ಮಾಡಿದ್ದನ್ನೇ ಕೇಳಿ ತಗೊಳ್ಳಿ, ಅಂಚಿನಲ್ಲಿ ಬಣ್ಣಬಣ್ಣದ ಗೆರೆ ಕಡಿಮೆ.

ಆರರಲ್ಲಿ ಒಂದು ಈಗ ಇಲ್ಲ. ಜೊತೆಗೆ ಬಂದ ದಾರ ಕಂದು ಬಣ್ಣದ್ದು, ಬಿದ್ದದ್ದು ಒಣಗಿದ ಎಲೆಗಳ ಮೇಲೆ. ಉಳಿದ ಐದಕ್ಕೆ ಕಿತ್ತಳೆ ಬಣ್ಣದ ದಾರ ಕಟ್ಟಿದ್ದೇನೆ.